ಓಡಿಹೋಗದ ಹೇಂಟೆ

ಆಷಾಢದ ಜಡಿಮಳೆ ಹಿಡಿದಿತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಕಾಡಂಚಿನ ಒಂದು ಹಾಡಿಗೆ ಕೊಡಗಿನ ಕಾಫಿ ತೋಟದ ಮೇಸ್ತ್ರಿ ಆಳು ಕರೆಯಲು ಬಂದ. ಜವರನ ಜಗಲಿಯ ಮೇಲೆ ಕಾಲು ಚಾಚಿ ಕೂತು, "ನಾಟಿಕೋಳಿ ಸಾರು ತಿಂದು ಬಾಳ ದಿನ ಆಯ್ತು ಕಣೋ ಜವರ" ಎಂದ. ಅಷ್ಟೇ ಸಾಕಾಯಿತು. ಜವರ ಪಂಚೆ ಎತ್ತಿ ಕಟ್ಟಿ ಅಂಗಳಕ್ಕಿಳಿದ.

ಮನೆಯಲ್ಲಿ ಉಳಿದಿದ್ದದ್ದು ಎರಡು ಹುಂಜ, ಒಂದು ಹೇಂಟೆ. ಮಿಕ್ಕವನ್ನೆಲ್ಲ ಬೇಸಿಗೆಯಲ್ಲಿ ಕೊಕ್ಕರೆ ರೋಗ ಗುಡಿಸಿಕೊಂಡು ಹೋಗಿತ್ತು. ಹುಂಜಗಳು ಜವರನನ್ನು ಕಂಡದ್ದೇ ಹಾರಿ ಹೊಂಗೆ ಮರ ಸೇರಿದವು. ಹೇಂಟೆ ಓಡಲಿಲ್ಲ. ಅದರ ರೆಕ್ಕೆಯಡಿ ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿಗಳಿದ್ದವು. ಮೈ ಉಬ್ಬಿಸಿಕೊಂಡು, ಕೊಕ್ಕು ಚಾಚಿ, ಕೂತಲ್ಲೇ ಕೂತಿತು. ಜವರ ಅದನ್ನೇ ಹಿಡಿದ.

ಮಕ್ಕಳನ್ನು ಬಿಟ್ಟು ಓಡಲಿಲ್ಲವೆಂಬ ತಪ್ಪಿಗೆ ಅದರ ಕುತ್ತಿಗೆ ಹೋಯಿತು. ಇದನ್ನು ಹೇಳುವಾಗಲೂ ನನಗೆ ಮೈ ಉರಿಯುತ್ತದೆ. ಇದು ಜವರನ ಮನೆಯ ಕಥೆಯೊಂದೇ ಅಲ್ಲ. ನೆಂಟರು ಬಂದರೆ ಸಾಕು, ಎಷ್ಟೋ ಮನೆಗಳಲ್ಲಿ ಕೈ ಹೋಗುವುದು ಮರಿ ಹಾಕಿಕೊಂಡು ಕೂತ ಕೋಳಿಯ ಮೇಲೇ. ಸುಲಭಕ್ಕೆ ಸಿಗುತ್ತದಲ್ಲ!

ಜವರನ ಹೆಂಡತಿ ನಿಂಗಿ ಸೌದೆ ಹೊತ್ತು ಬಂದಾಗ ಅತ್ತೆ ದೊಡ್ಡತಾಯಮ್ಮ ಖಾರ ಅರೆಯುತ್ತಿದ್ದಳು. ಮೂಲೆಯಲ್ಲಿ ಮರಿಗಳು ಚಿಂವ್‌ಗುಟ್ಟುತ್ತಿದ್ದವು. ನಿಂಗಿ ಸೌದೆ ಹೊರೆಯನ್ನು ಧೊಪ್ಪೆಂದು ಕೆಡವಿದಳು.

"ಮರಿ ತಾಯ್ನ ಕುಯ್ದ್ಬುಟ್ರಾ? ನಮ್ ಪುಷ್ಪಾ ಬಸ್ರಿ ಅಂತ ಗೊತ್ತಿಲ್ವಾ ನಿಮ್ಗೆ? ಶಿವರಾತ್ರಿ ಒತ್ಗೆ ಈ ಮರಿಗೋಳು ಮೊಟ್ಟೆಗೆ ಬತ್ತಿದ್ವು. ಬಾಣ್ತಿ ಮಗ್ಳಿಗೆ ಮೊಟ್ಟೆ ಇಕ್ಕಾನ ಅಂತಿದ್ದೆ. ಇನ್ನೆಲ್ಲಿಂದ ತರನ?"

"ಮರಿ ಅವೆಯಲ್ಲ, ಯಾಕಂಗೆ ಬಡ್ಕೋತೀಯ?" ಎಂದ ಜವರ. "ಕಾವು ತಾನೆ ಬೇಕಿರದು? ನಾ ಕೊಡ್ತೀನಿ ಬುಡು."

ಜವರ ಪಕ್ಕದ ಊರಿನಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗೆ ಬೆಂಕಿ ಹಾಕುವ ಕೆಲಸಗಾರ. ಕಾವಿನ ವಿಷಯ ತನಗಿಂತ ಬಲ್ಲವರಿಲ್ಲ ಎಂಬ ಜಂಬ ಅವನಿಗಿತ್ತು. ಮರಿಗಳನ್ನು ಮಂಕರಿಗೆ ತುಂಬಿ, ಮೇಲೆ ಗೋಣಿತಾಟು ಬಿಗಿದು, ಬ್ಯಾರನ್ನಿನ ಒಲೆಬಾಯಿ ಪಕ್ಕದ ಬಿಸಿಗೋಡೆಗೆ ಒರಗಿಸಿಟ್ಟ. ಬೆಳಗ್ಗೆ ಮನೆಗೆ ತಂದು ಬಿಚ್ಚಿದರೆ ಅರ್ಧ ಮರಿ ಸತ್ತಿದ್ದವು. ಉಳಿದವು ಬಾಯಿ ತೆರೆದುಕೊಂಡು, ರೆಕ್ಕೆ ಜೋಲಿಸಿಕೊಂಡು ಬಿದ್ದಿದ್ದವು.

"ತಾಯಿಲ್ದ ಮರಿ ಎಲ್ ಬದುಕ್ತವೆ ಬುಡವ್ವ. ಅವುಗಳ ಅಣೇಲಿ ಬರ್ದಿದ್ದೇ ಅಷ್ಟು" ಎಂದಳು ದೊಡ್ಡತಾಯಮ್ಮ.

ಹಣೆಬರಹವಂತೆ! ಕತ್ತಿ ಹಿಡಿದದ್ದು ಹಣೆಬರಹವೇ? ಮಂಕರಿಯ ಬಾಯಿ ಬಿಗಿದದ್ದು ಹಣೆಬರಹವೇ? ಮಾಡುವುದೆಲ್ಲ ನಾವು, ಹೊರುವುದು ಮಾತ್ರ ಹಣೆ.

ನಿಂಗಿ ಅಳುತ್ತಾ ಕೂರಲಿಲ್ಲ. ಮಂಕರಿ ಎತ್ತಿಕೊಂಡು ಹಾಡಿಯ ಹೆಂಗಸರ ಸಂಘದ ಸಭೆಗೆ ಬಂದಿದ್ದ ಪಶುಸಖಿ ಸುಕನ್ಯಳ ಮುಂದೆ ಇಟ್ಟಳು. ದನ, ಕುರಿ, ಕೋಳಿಗಳ ಆರೈಕೆ ಹೇಳಿಕೊಡುವ ಸುಕನ್ಯ ಕಂಪಲಾಪುರದವಳು, ಮಾತು ಸ್ವಲ್ಪ ಖಾರ. ಮಂಕರಿ ನೋಡಿದವಳೇ ನೆಟ್ಟಗೆ ಜವರನ ಮನೆಗೆ ಬಂದಳು.

"ಜವರಣ್ಣ, ಬ್ಯಾರನ್‌ನಲ್ಲಿ ಕಾವು ಜಾಸ್ತಿಯಾದ್ರೆ ಹೊಗೆಸೊಪ್ಪು ಏನಾಯ್ತದೆ?"

"ಕರ್ರಗಾಯ್ತದೆ. ಕಮ್ಮಿಯಾದ್ರೆ ಹಸ್ರಾಗೇ ಉಳ್ಕೋತದೆ. ಅದ್ಕೇ ಗಳ್ಗೆಗೊಂದ್ಸಾರಿ ಎದ್ದು ನೋಡ್ಬೇಕು."

"ಸೊಪ್ಪಿಗೆ ಎದ್ದೆದ್ದು ನೋಡೋನು ಮರಿಗ್ಯಾಕೆ ನೋಡ್ನಿಲ್ಲ? ಸೊಪ್ಪಿಗಿರೋ ಬೆಲೆ ಜೀವಕ್ಕಿಲ್ವಾ?"

ಜವರ ತಲೆ ತಗ್ಗಿಸಿದ.

"ತಾಯಿ ರೆಕ್ಕೆ ಕೆಳ್ಗೆ ಸೆಕೆಯಾದ್ರೆ ಮರಿ ಆಚೆ ಬತ್ತದೆ, ಚಳಿಯಾದ್ರೆ ಒಳಕ್ಕೋಯ್ತದೆ. ನೀನು ಬಾಯಿ ಬಿಗ್ದು ಇಟ್ರೆ ಅದೆಲ್ಲಿಗೋಗ್ಬೇಕು?" ಎಂದ ಸುಕನ್ಯ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕಿಳಿದಳು.

ಮನೆಯೊಳಗೆ ಗಾಳಿಯಾಡುವ, ಎರಚಲು ಬೀಳದ ಒಂದು ಕಡೆ ರಟ್ಟಿನ ತಡಿಕೆಯನ್ನು ದುಂಡಗೆ ನಿಲ್ಲಿಸಿದಳು. ಮೂಲೆ ಇದ್ದರೆ ಮರಿಗಳು ಅಲ್ಲಿಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ನೆಲಕ್ಕೆ ಒಣಗಿದ ಭತ್ತದ ಹೊಟ್ಟು, ಅದರ ಮೇಲೆ ಪೇಪರ್ ಹಾಸಿದಳು. ಜವರ ಮನೆಯ ಬಿಳಿ ಎಲ್ಇಡಿ ಬಲ್ಬು ಬಿಚ್ಚಿ ತಂದ.

"ಅದು ಬೇಡಣ್ಣ. ಅದ್ರಲ್ಲಿ ಬೆಳಕದೆ, ಕಾವಿಲ್ಲ. ಅರವತ್ತು ವ್ಯಾಟಿನ ಹಳೇ ಹಳದಿ ಬಲ್ಬು ತತ್ತಾ. ತಂತೀಲಿ ಭದ್ರವಾಗಿ ಕಟ್ಟು, ಹೊಟ್ಟಿನ ಮೇಲೆ ಬಿದ್ರೆ ಮನೆಗೇ ಬೆಂಕಿ."

"ಎಷ್ಟೆತ್ತರಕ್ಕೆ ಕಟ್ಲಿ?"

"ಒಂದೂವರೆ ಅಡಿಗೆ ಕಟ್ಟು. ಆಮೇಲೆ ಮರಿಗೋಳೇ ಹೇಳ್ತವೆ. ಬಲ್ಬಿನ ಕೆಳಗೇ ಮುದುರ್ಕಂಡ್ರೆ ಚಳಿ, ಇಳಿಸು. ದೂರ ಓಗಿ ಬಾಯ್ ಬಿಟ್ರೆ ಸೆಕೆ, ಏರಿಸು. ಎಲ್ಲಾ ಕಡೆ ಹರಡ್ಕಂಡು ಮೇಯ್ತಿದ್ರೆ ಹದ ಸರಿಯಾಗಿ ಅದೆ ಅಂತ. ವಾರ ಕಳ್ದಂಗೆ ಒಂಚೂರು ಒಂಚೂರೇ ಮೇಲಕ್ಕೆ ಕಟ್ಟು."

"ಕರೆಂಟ್ ಓದ್ರೆ?" ಎಂದಳು ನಿಂಗಿ.

"ಬಾಟ್ಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಒಳಗಿಡಕ್ಕ. ಕೆಂಡ ಮಾತ್ರ ಇಡ್ಬೇಡ. ಹೊಗೆ ತುಂಬ್ಕಂಡ್ರೆ ಮರಿಗೂ ಆಪತ್ತು, ನಿಮ್ಗೂ ಆಪತ್ತು."

ಸುಕನ್ಯ ಉಗುರುಬೆಚ್ಚಗಿನ ನೀರಿಗೆ ಚೂರು ಬೆಲ್ಲ ಕದಡಿ, ಅಗಲ ತಟ್ಟೆಗೆ ಹಾಕಿ, ಮರಿಗಳು ಮುಳುಗದಂತೆ ಅದರೊಳಗೆ ಬೆಣಚುಕಲ್ಲು ಹರಡಿದಳು. ತಾಯಿ ಇದ್ದಿದ್ದರೆ ತಾನು ಕುಡಿದು ತೋರಿಸುತ್ತಿತ್ತು. ಈಗ ಸುಕನ್ಯ ಒಂದೊಂದೇ ಮರಿ ಎತ್ತಿ, ಕೊಕ್ಕಿನ ತುದಿ ನೀರಿಗೆ ತಾಗಿಸಿ ಬಿಟ್ಟಳು. ಸತ್ತಂತೆ ಬಿದ್ದಿದ್ದ ಮರಿಯೊಂದು ಕತ್ತೆತ್ತಿ ಗುಟುಕರಿಸಿತು. ನಿಂಗಿಯ ಕಣ್ಣು ತುಂಬಿ ಬಂತು.

"ಬರೀ ಅಕ್ಕಿನುಚ್ಚು ಆಕ್ಬೇಡ ನಿಂಗಕ್ಕ, ಸಾಲ್ದು. ಅಂಗಡೀಲಿ ಮರಿ ಫೀಡು ಸಿಗ್ತದೆ. ಅದು ಸಿಗೋಗಂಟ ರಾಗಿನುಚ್ಚು, ಜೋಳದ ನುಚ್ಚಿಗೆ ಕಡ್ಲೆಕಾಯಿ ಹಿಂಡಿ ಪುಡಿ ಬೆರ್ಸು. ಗೆದ್ದಲು ಸಿಕ್ಕಿದ್ರೆ ಇನ್ನೂ ಒಳ್ಳೇದು."

"ಗೆದ್ಲು ನಾ ತತ್ತೀನಿ" ಎಂದಳು ದೊಡ್ಡತಾಯಮ್ಮ. ಹಣೆಬರಹದ ಮಾತು ಆಡಿದ ಬಾಯಿ ಅದೇ!

ಲಸಿಕೆಯ ಮಾತು ಬಂದಾಗ ಮಾತ್ರ ಮುದುಕಿ ಮತ್ತೆ ಮುಖ ಸಿಂಡರಿಸಿದಳು. "ಅಂಗೈಯಷ್ಟಿಲ್ಲ, ಇವಕ್ಕೆಂತ ಲಸಿಕೆ?"

"ಬೇಸ್ಗೇಲಿ ಕೋಳಿನೆಲ್ಲಾ ಮಣ್ಣು ಮಾಡಿದ್ದು ಮರ್ತೋಯ್ತಾ ಅಜ್ಜಿ? ಕೊಕ್ಕರೆ ರೋಗ ಬಂದ್ಮೇಲೆ ಔಷಧಿ ಇಲ್ಲ. ಮೊದ್ಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದ್ ತೊಟ್ಟು ಬಿದ್ರೆ ತಡೀಬೋದು. ಮುಂದಿನ ಲಸಿಕೆ ಯಾವಾಗ ಅಂತ ಪಶು ಆಸ್ಪತ್ರೇಲಿ ಕೇಳನ."

ಅಂದಿನಿಂದ ಜವರ ಬದಲಾದ. ಬ್ಯಾರನ್‌ನಿಂದ ಬಂದವನು ಕೈಕಾಲು ತೊಳೆದು ಮೊದಲು ನೋಡುತ್ತಿದ್ದದ್ದು ಮರಿಗಳನ್ನು. ಬಲ್ಬು ಏರಿಸುವುದು, ಇಳಿಸುವುದು, ನೆಂದ ಹೊಟ್ಟು ತೆಗೆಯುವುದು ಅವನದೇ ಕೆಲಸವಾಯಿತು. ವಾರ ತುಂಬುವ ಮೊದಲೇ ಮರಿಗಳಿಗೆ ಲಸಿಕೆಯ ತೊಟ್ಟೂ ಬಿತ್ತು. ಉಳಿದಿದ್ದ ಅಷ್ಟೂ ಮರಿ ರೆಕ್ಕೆಪುಕ್ಕ ಬಲಿತು ಅಂಗಳಕ್ಕಿಳಿದವು. ಶಿವರಾತ್ರಿ ಹೊತ್ತಿಗೆ ಪುಷ್ಪಾಳಿಗೆ ಹೆರಿಗೆಯಾಯಿತು. ಬಾಣಂತಿಯ ತಟ್ಟೆಗೆ ಮನೆಯ ಹೇಂಟೆಯ ಮೊಟ್ಟೆಯೇ ಬಿತ್ತು.

ಅದೇ ದಿನಗಳಲ್ಲಿ ಮೇಸ್ತ್ರಿ ಮತ್ತೆ ಬಂದ. ಗೂಡಿನಲ್ಲಿ ಕಾವಿಗೆ ಕೂತಿದ್ದ ಹೇಂಟೆಯ ಕಡೆ ಕಣ್ಣು ಹಾಯಿಸಿ, "ಸಾರು ಏನಾಯ್ತು ಜವರ?" ಎಂದ.

ಜವರ ಗೂಡಿಗೆ ಅಡ್ಡ ನಿಂತು ಹೊಂಗೆ ಮರ ತೋರಿಸಿದ. "ಸಾರಿನ ಹುಂಜ ಅಲ್ಲಿ ಅದೆ ಮೇಸ್ತ್ರಿ. ಬೇಕಾದ್ರೆ ಅತ್ತಿ ಇಡ್ಕಳಿ. ಓಡ್ದೆ ಕೂತಿರೋಳ ತಂಟೆಗೆ ಮಾತ್ರ ಬರ್ಬೇಡಿ."

ಕೇಳಿದಿರಲ್ಲ ಅಕ್ಕಂದಿರೇ, ಅಣ್ಣಂದಿರೇ? ಮರಿ ಹಾಕಿಕೊಂಡು ಕೂತ ಕೋಳಿಗೆ ಕತ್ತಿ ಎತ್ತಬೇಡಿ. ನಾಯಿಯೋ ನರಿಯೋ ತಾಯಿಯನ್ನು ಹೊತ್ತೊಯ್ದರೆ ಹಣೆಬರಹವೆಂದು ಕೈಚೆಲ್ಲಬೇಡಿ. ಹದವಾದ ಕಾವು, ಆಚೀಚೆ ಸರಿಯಲು ಜಾಗ, ಶುದ್ಧ ನೀರು, ಒಳ್ಳೆ ಮೇವು ಕೊಡಿ. ಇವತ್ತೇ ನಿಮ್ಮೂರಿನ ಪಶುಸಖಿಯನ್ನೋ ಪಶು ಆಸ್ಪತ್ರೆಯನ್ನೋ ಕೇಳಿ ಲಸಿಕೆ ಹಾಕಿಸಿ. ಮರಿಗಳಿಗಾಗಿ ಆ ತಾಯಿ ಓಡದೆ ಕೂತಿತ್ತು. ಅದು ಇಲ್ಲದ ಮೇಲೆ ಅವುಗಳ ಪಕ್ಕ ಕೂರಬೇಕಾದವರು ನಾವೇ.