ಅಂಟಿಸಿದ ಹಾಳೆ

ಪುಸ್ತಕ ಕೈಗೆ ಬಂದ ಮೇಲೂ ಅವಳು ಓದಲಿಲ್ಲ. ಅದರ ಬೆನ್ನು ಸವರಿದಳು, ನಡುವೆ ತೆರೆದು ಮೂಗಿನ ಹತ್ತಿರ ಹಿಡಿದಳು.

"ಓದೋಕೆ ಅಂತ ಒಂದು ಗಂಟೆ ಕೊಟ್ಟಿರೋದು ತಾಯಿ, ಮೂಸೋಕಲ್ಲ," ಎಂದರು ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತರು.

"ಅಂಟು ಯಾವುದು ಅಂತ ನೋಡ್ತಿದೀನಿ ಸರ್."

"ಯಾ...ಕೆ?" ಗಾಲಿಕುರ್ಚಿಯಿಂದ ಮಗಳ ದನಿ ಬಂತು.

ಒಂಬತ್ತು ವರ್ಷದ ಆ ಹುಡುಗಿಯ ಬಾಯಿಂದ ಒಂದು ಮಾತು ಹೊರಡಬೇಕಾದರೆ ಮೊದಲು ಕುತ್ತಿಗೆ ಒಂದು ಕಡೆ ವಾಲಬೇಕು, ಬಲಗೈ ತಾನಾಗಿ ಮೇಲೇಳಬೇಕು, ಆಮೇಲೆ ಮಾತು. ಇಷ್ಟೆಲ್ಲ ಕಷ್ಟಪಟ್ಟು ದಿನಕ್ಕೆ ನೂರು ಸಲ ಅವಳು ಕೇಳುತ್ತಿದ್ದದ್ದು ಅದೊಂದನ್ನೇ. ಅದಕ್ಕೇ ಮನೆಯಲ್ಲಿ ಅವಳ ಹೆಸರು ಯಾಕಮ್ಮ. ಇರುವೆ ಯಾಕೆ ಸಾಲಾಗಿ ಹೋಗುತ್ತೆ, ಕತ್ತರಿಗೆ ಯಾಕೆ ಎರಡು ಕಿವಿ, ನನ್ನ ಕೈ ಯಾಕೆ ನನ್ನ ಮಾತು ಕೇಳಲ್ಲ. ಈ ಕೊನೆಯದಕ್ಕೆ ಉತ್ತರ ಹುಡುಕಿಕೊಂಡೇ ತಾಯಿ ಈ ಕೋಣೆಗೆ ಬಂದಿದ್ದಳು.

ಆಸ್ಪತ್ರೆಯ ಉತ್ತರ ಕೋರ್ಟಿನ ಕಡತದಲ್ಲಿ ಆಗಲೇ ಇತ್ತು. ಹೆರಿಗೆಯ ಉದ್ದಕ್ಕೂ ಮಗುವಿನ ಎದೆಬಡಿತ ಸರಿಯಾಗಿತ್ತು, ತಾಯಿ ಸಹಕರಿಸಲಿಲ್ಲ, ಮಿದುಳಿಗೆ ಪೆಟ್ಟಾದದ್ದು ಯಾರ ತಪ್ಪಿನಿಂದಲೂ ಅಲ್ಲ. ಮೂರು ಸಾಲಿನಲ್ಲಿ ಅವರು ಕೈ ತೊಳೆದುಕೊಂಡಿದ್ದರು. ಜೊತೆಗೆ ಹೆರಿಗೆ ಕೋಣೆಯ ಪುಸ್ತಕದ ಒಂದು ಪುಟದ ಜೆರಾಕ್ಸು. ಅರ್ಧ ಗಂಟೆಗೊಂದು ಅಂಕಿ: ನೂರಾ ನಲವತ್ತು, ನೂರಾ ನಲವತ್ತೆರಡು, ಮತ್ತೆ ನೂರಾ ನಲವತ್ತು. ಅದನ್ನು ನೋಡಿದ ದಿನ ಅವಳ ಅತ್ತೆ ಕಾಗದದಿಂದ ಕಣ್ಣೆತ್ತಿ ಅವಳ ಮುಖ ನೋಡಿದ್ದರು. ದಪ್ಪ ಕನ್ನಡಕದ ನರ್ಸು ಹೆರಿಗೆಯ ದಿನ ಗದರಿದ್ದು ಈಗಲೂ ಕಿವಿಯಲ್ಲಿತ್ತು: "ಸರಿಯಾಗಿ ಮುಕ್ಕೋಕೂ ಬರಲ್ವಾ ನಿನಗೆ?" ಒಂಬತ್ತು ವರ್ಷ ಆ ಕನ್ನಡಕಕ್ಕೆ ಶಾಪ ಹಾಕಿದ್ದಳು. ಹಾಕುತ್ತಲೇ, ತನಗೇ ಬರಲಿಲ್ಲವೇನೋ ಎಂದೂ ಅಂದುಕೊಂಡಿದ್ದಳು.

ಆದರೆ ಅವಳು ಹದಿನೇಳು ವರ್ಷದಿಂದ ಪುಸ್ತಕಗಳಿಗೆ ಬೈಂಡಿಂಗ್ ಹಾಕುತ್ತಿದ್ದವಳು. "ಜೆರಾಕ್ಸಲ್ಲಿ ಅಕ್ಷರ ಕಾಣುತ್ತೆ ಸ್ವಾಮಿ, ಪುಸ್ತಕ ಕಾಣಲ್ಲ," ಎಂದು ನ್ಯಾಯಾಧೀಶರ ಮುಂದೆ ಅಂದುಬಿಟ್ಟಿದ್ದಳು. ಅವರು ನಕ್ಕು ಒಂದು ಗಂಟೆ ಮಂಜೂರು ಮಾಡಿದ್ದರು. ಮೊಬೈಲು ಒಳಗೆ ತರುವಂತಿಲ್ಲ. ಕಂಡದ್ದನ್ನು ಗುಮಾಸ್ತರು ಪರಿಶೀಲನೆಯ ಪತ್ರದಲ್ಲಿ ಬರೆದು ಸಹಿ ಹಾಕಬೇಕು. ಮುಂದಿನ ತಿಂಗಳು ಮಗಳು ಹುಟ್ಟಿದ ವರ್ಷದ ಪುಸ್ತಕಗಳೆಲ್ಲ ಕತ್ತರಿಸುವ ಯಂತ್ರಕ್ಕೆ ಹೋಗುತ್ತವೆ. ಇವತ್ತು ಆ ಪತ್ರದಲ್ಲಿ ಬಂದದ್ದಷ್ಟೇ ಉಳಿಯುವುದು.

ಗುಮಾಸ್ತರು ಪತ್ರವನ್ನು ಅವಳು ಬರುವ ಮೊದಲೇ ತುಂಬಿಟ್ಟಿದ್ದರು. ದಾಖಲೆಯ ಸ್ಥಿತಿ: ಸರಿಯಿದೆ. ಮೂವತ್ತು ವರ್ಷದ ರೂಢಿ.

ಅವಳು ತನ್ನ ಪುಟ ತೆಗೆದು ಪುಸ್ತಕವನ್ನು ಮೇಜಿನ ಮೇಲೆ ಅಂಗಾತ ಬಿಟ್ಟಳು. ಉಳಿದ ಹಾಳೆಗಳು ಮಲಗಿದವು. ಆ ಒಂದು ಹಾಳೆ ಮಾತ್ರ ಸೆಟೆದು ನಿಂತಿತು.

"ನೋಡು ಯಾಕಮ್ಮ, ಎಲ್ಲ ಮಲಗಿದ್ವು. ಇದು ಮಾತ್ರ ಎದ್ದು ಕೂತಿದೆ."

"ಯಾ...ಕೆ?"

"ಕಾಗದಕ್ಕೂ ನಾರಿರುತ್ತೆ. ನಾರು ಬೆನ್ನಿನ ಉದ್ದಕ್ಕೆ ಹೋದ್ರೆ ಹಾಳೆ ಬಾಗುತ್ತೆ. ಇದರ ನಾರು ಅಡ್ಡ ಹೋಗಿದೆ. ಇದು ಈ ಮನೆಯದಲ್ಲ, ಬೇರೆ ಎಲ್ಲಿಂದಲೋ ಬಂದದ್ದು."

ಉಗುರಿನ ತುದಿಯಿಂದ ಹಾಳೆಯ ಬುಡ ಸವರಿದಳು. ಅಲ್ಲಿ ದಾರವಿರಲಿಲ್ಲ. ಕತ್ತರಿಸಿ ತೆಗೆದ ಹಳೆಯ ಹಾಳೆಯ ಕಿರುಬೆರಳಿನಷ್ಟು ಅಗಲದ ಪಟ್ಟಿ ಉಳಿದಿತ್ತು, ಅದರ ಮೇಲೆ ಹೊಸ ಹಾಳೆ ಕೂತಿತ್ತು, ನಡುವೆ ಒಣಗಿ ಬಿರುಕು ಬಿಟ್ಟ ಆಫೀಸು ಗೋಂದು. ಇಂಥ ಪುಸ್ತಕದಲ್ಲಿ ಒಂದೊಂದು ಕಾಗದವೂ ಮಡಚಿ ಎರಡು ಹಾಳೆಯಾದದ್ದು. ಒಂದು ಅರ್ಧವನ್ನು ಪೂರ್ತಿ ಕಿತ್ತರೆ ಅದರ ಜೋಡಿ ಅರ್ಧವೂ ಉದುರುತ್ತದೆ. ಕತ್ತರಿಸಿದವನಿಗೆ ಅಷ್ಟು ಗೊತ್ತಿತ್ತು, ಅದಕ್ಕೇ ಪಟ್ಟಿ ಬಿಟ್ಟಿದ್ದ. ಕೆಲಸ ಬಲ್ಲವನಲ್ಲ, ಅರ್ಧ ಬಲ್ಲವನು.

"ಸರ್, ಸ್ವಲ್ಪ ಬಂದು ನೋಡ್ತೀರಾ?"

"ನಂದು ತೋರಿಸೋ ಕೆಲಸ ಕಣಮ್ಮ. ನೋಡೋ ಕೆಲಸ ಅಲ್ಲ."

"ಯಾ...ಕೆ, ತಾ...ತ?"

ಗುಮಾಸ್ತರು ತಲೆ ಎತ್ತಿದರು. "ತಾತನಾ? ರಿಟೈರಾಗೋಕೆ ಇನ್ನೂ ನಾಲ್ಕು ತಿಂಗಳಿದೆ. ಅಲ್ಲೀವರೆಗೂ ಅಣ್ಣ ಅನ್ನು."

ಹುಡುಗಿ ಗೊಳ್ಳೆಂದು ನಕ್ಕಳು. ನಗು ಮಾತ್ರ ಅವಳಿಗೆ ತಡವಾಗದೆ ಬರುತ್ತಿತ್ತು. ಗುಮಾಸ್ತರಿಗೂ ನಗು ಬಂತು. ಆದರೆ ಅವರು ಏಳಲಿಲ್ಲ.

ಅವಳು ಮುಂದಿನ ಪುಟ ತಿರುಗಿಸಿದಳು. ಅದು ಅವಳ ನಂತರ ಹೆತ್ತ ಯಾರದೋ ಪುಟ. ಆ ತಾಯಿಗೆ ಸುಸೂತ್ರವಾಗಿ ಆಗಿತ್ತು, 'ವಿಶೇಷ' ಎಂಬ ಕಾಲಂ ಖಾಲಿಯಿತ್ತು. ಖಾಲಿ ಜಾಗದ ಮೇಲೆ ಅವಳ ಹೆಬ್ಬೆರಳು ಅಭ್ಯಾಸದಂತೆ ಸರಿದು, ತಟ್ಟನೆ ನಿಂತಿತು. ಅಲ್ಲಿ ತಗ್ಗುಗಳಿದ್ದವು.

ಪುಸ್ತಕ ಎತ್ತಿಕೊಂಡು ಕಿಟಕಿಗೆ ಹೋದಳು. ಬೆಳಕು ಓರೆಯಾಗಿ ಬೀಳುವಂತೆ ಹಾಳೆಯನ್ನು ವಾಲಿಸಿದಳು. ಅಂಟಿಸಿದ ಹಾಳೆಯನ್ನು ಬೇರೆಲ್ಲೋ ಇಟ್ಟು ಬರೆದಿದ್ದರು, ಅದರ ಗುರುತು ಇಲ್ಲಿ ಬೀಳುವ ಹಾಗಿರಲಿಲ್ಲ. ಇದು ಕತ್ತರಿಸಿ ಹೋದ ಹಾಳೆಯ ಗುರುತು. ಯಾರೋ ಪೆನ್ನನ್ನು ಊರಿ ಊರಿ ಬರೆದಿದ್ದರು. ಶಾಯಿ ಇರಲಿಲ್ಲ, ಅಕ್ಷರದ ನೆರಳಿತ್ತು.

ಹನ್ನೊಂದೂ ಹತ್ತು, ಬಡಿತ ಎಂಬತ್ತೆಂಟು. ಡಾಕ್ಟರಿಗೆ ತಿಳಿಸಿದೆ.

ಹನ್ನೊಂದೂ ನಲವತ್ತು, ಎಂಬತ್ತು. ಮತ್ತೆ ತಿಳಿಸಿದೆ. ಬರಲಿಲ್ಲ.

ಹನ್ನೆರಡೂಕಾಲು, ಎಪ್ಪತ್ತು. ಮೂರನೇ ಸಲ ತಿಳಿಸಿದೆ.

ಕೆಳಗೆ ಸಹಿಯ ಜಾಗದಲ್ಲಿ ಕಾಗದ ಹರಿಯುವಷ್ಟು ಆಳದ ಒಂದು ಗೀರು.

ಆ ಮೂರು ಸಾಲಿನ ಮೇಲೆ ಅವಳು ಮತ್ತೊಮ್ಮೆ ಹೆಬ್ಬೆರಳು ಆಡಿಸಿದಳು. ಅಂದು ಬಾಗಿಲು ಮೂರು ಸಲ ದಡಾರನೆ ಬಡಿದದ್ದು ನೆನಪಾಯಿತು. ತನ್ನ ಮೇಲಿನ ಸಿಟ್ಟಿಗೆ ಎಂದುಕೊಂಡಿದ್ದಳು. ಮೂರು ಸಲ ಆ ದಪ್ಪ ಕನ್ನಡಕ ಎಲ್ಲಿಗೆ ಓಡಿ ಹೋಗಿ ಬಂತು ಎಂದು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ದಪ್ಪ ಕನ್ನಡಕದ ನರ್ಸ್ ಒಬ್ಬರಿದ್ರಲ್ಲ ಸರ್, ಹೆರಿಗೆ ಕೋಣೇಲಿ. ಎಲ್ಲಿದಾರೆ?"

ಗುಮಾಸ್ತರು ಪೆನ್ನಿನ ಮುಚ್ಚಳ ತಿರುವಿದರು. "ಆ ವರ್ಷವೇ ಕೆಲಸ ಬಿಟ್ಲು. ಬಿಟ್ಲೋ, ಬಿಡಿಸಿದ್ರೋ." ಮತ್ತೆ ತಾವಾಗಿಯೇ ಸೇರಿಸಿದರು: "ಬಾಯಿ ಜೋರು. ಅವಳಿಗೂ ಡಾಕ್ಟರಿಗೂ ಕಾರಿಡಾರಿನಲ್ಲಿ ಜಗಳ ಆಗಿತ್ತು. ಯಾಕೆ ಅಂತ ನಾವ್ಯಾರೂ ಕೇಳ್ಲಿಲ್ಲ."

"ಯಾ...ಕೆ?" ಎಂದಳು ಹುಡುಗಿ. ಈ ಸಲ ಅವಳ ಕುತ್ತಿಗೆ ಅವರ ಕಡೆಗೇ ವಾಲಿತ್ತು, ಕಣ್ಣು ಅವರ ಮುಖದ ಮೇಲಿತ್ತು. ಉತ್ತರ ಬರುವವರೆಗೂ ಕಾಯುವ ಕಣ್ಣು. ಕಾಯುವುದು ಅವಳಿಗೆ ಹುಟ್ಟುವ ಮೊದಲೇ ಅಭ್ಯಾಸವಾಗಿತ್ತು.

ಗುಮಾಸ್ತರು ಎದ್ದರು. ಕಿಟಕಿಯ ಹತ್ತಿರ ಬಂದು ತಾಯಿ ವಾಲಿಸಿ ಹಿಡಿದಿದ್ದ ಪುಟದ ಮೇಲೆ ಬಗ್ಗಿದರು. ತುಟಿಗಳು ಅಲುಗಿದವು. ಓದಿದ್ದನ್ನೇ ಎರಡನೇ ಸಲ ಓದಿದರು. ಆಮೇಲೆ ಅಂಟಿಸಿದ ಹಾಳೆಯ ಬುಡವನ್ನು ತಾವೇ ಮುಟ್ಟಿ ನೋಡಿದರು.

"ಇದು ನಮ್ಮ ಕೋಣೆಯ ಗೋಂದೇ," ಎಂದರು ಮೆತ್ತಗೆ. "ಆ ಜಗಳ ಆದ್ಮೇಲೆ ಬಾಟಲಿ ಕೇಳಿ ತಗೊಂಡು ಹೋದ್ರು. ನಾನೇ ಕೊಟ್ಟೆ."

"ಯಾರು ಸರ್?"

ಗುಮಾಸ್ತರು ಗೋಡೆಯ ಗಡಿಯಾರ ನೋಡಿದರು. ಇನ್ನು ಒಂಬತ್ತು ನಿಮಿಷ. ಮೇಜಿಗೆ ಮರಳಿ, ಮೂರು ಪ್ರತಿಯ ಪತ್ರವನ್ನು ಕಾರ್ಬನ್ ಸಮೇತ ಹತ್ತಿರ ಎಳೆದುಕೊಂಡರು. 'ಸರಿಯಿದೆ' ಎಂಬುದರ ಮೇಲೆ ಒಂದು ಗೆರೆ ಎಳೆದರು, ಪಕ್ಕದಲ್ಲಿ ಸಹಿ ಮಾಡಿದರು.

"ನಿಧಾನವಾಗಿ ಹೇಳಮ್ಮ. ಮೊದಲು ನಾರಿನ ವಿಷಯ ಹೇಳು."

ಅವಳು ಹೇಳಿದಳು. ನಾರು, ಪಟ್ಟಿ, ಗೋಂದು, ಮೂರು ಹೊತ್ತು, ಮೂರು ಅಂಕಿ. ಅವರು ಒಂದೊಂದಕ್ಕೂ ಕಿಟಕಿಗೆ ಹೋಗಿ ನೋಡಿಬಂದು ಬರೆದರು. ಕೊನೆಗೆ ಅವಳು ಹೇಳದ ಒಂದು ಸಾಲನ್ನೂ ಬರೆದರು. ಅದರಲ್ಲಿ ಗೋಂದು ಕೇಳಿ ಒಯ್ದವರ ಹೆಸರಿತ್ತು.

ಮೂರನೆಯ ಪ್ರತಿ ಅವಳದು. ಕೊನೆಯ ಕಾರ್ಬನ್ನಿನ ಕೆಳಗಿನ ಪ್ರತಿ ಯಾವಾಗಲೂ ಮಸುಕು. ಇದು ಹಾಗಿರಲಿಲ್ಲ. ಅವಳು ಹಾಳೆಯನ್ನು ತಿರುವಿದಳು, ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿ ನಿಂತಿದ್ದವು. ಗಾಲಿಕುರ್ಚಿಯ ಪಕ್ಕ ಕೂತು ಅದನ್ನು ಮಗಳ ತೊಡೆಯ ಮೇಲೆ ಹರಡಿದಳು. ಮುಷ್ಟಿಗಟ್ಟಿದ್ದ ಪುಟ್ಟ ಬಲಗೈ ಮೇಲೆದ್ದಿತು, ದಾರಿ ತಪ್ಪಿತು, ಮತ್ತೆ ಬಂತು. ಕಾಗದಕ್ಕೆ ತಾಗಿದ ಮೇಲೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡು ಉಬ್ಬಿನ ಮೇಲೆ ನಿಧಾನವಾಗಿ ಸರಿಯತೊಡಗಿದವು.