ಕೊನೆಯ ಪುಟದ ಅಭಿಪ್ರಾಯ

ಚನ್ನಗಿರಿಯಲ್ಲಿ ಪುಸ್ತಕ ಹಿಡಿಯುವವರು ಬೇಕಾದಷ್ಟು ಜನ ಇದ್ದರು, ಆದರೆ ಓದಲು ಬರುವವನು ತಾನೊಬ್ಬನೇ ಎಂದು ಹೈಸ್ಕೂಲಿನ ಕನ್ನಡ ಮೇಷ್ಟ್ರು ಉಚ್ಚಂಗೆಪ್ಪನವರು ನಂಬಿದ್ದರು. ನಂಬಿ ಸುಮ್ಮನಿರುವ ಪೈಕಿಯೂ ಅಲ್ಲ, ಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಬಸ್‌ಸ್ಟ್ಯಾಂಡಿನ ಹಿಂದೆ ಬೈಂಡರ್ ಅಮೀರ್‌ಜಾನ್ ಸಾಬರ ಅಂಗಡಿ. ಮುಂದೆ ದಾರ, ಗೋಂದು, ರಟ್ಟು. ಒಳಗೆ ಬಾಡಿಗೆ ಪುಸ್ತಕಗಳ ನಾಲ್ಕು ಬೀರು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಆಗ ಎಷ್ಟೋ ಪುಸ್ತಕಗಳು ಅಂಚು ಕತ್ತರಿಸದೆಯೇ ಬರುತ್ತಿದ್ದವು. ಹಾಳೆಗಳು ಮಡಿಕೆಯಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತಿದ್ದವು. ಮೊದಲು ಒಯ್ದವರು ಚಾಕು ಹಿಡಿದು ಬಿಡಿಸಿಕೊಂಡು ಓದಬೇಕು. ಆ ಶ್ರಮಕ್ಕೆ ಸಾಬರು ಒಂದು ಮರ್ಯಾದೆ ಇಟ್ಟಿದ್ದರು. ಹಾಳೆ ಬಿಡಿಸಿ ಓದಿದವರು ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಅಭಿಪ್ರಾಯ ಬರೆಯಬಹುದು. ಮುಂದಿನವರು ಅದನ್ನು ನೋಡಿಕೊಂಡೇ ಪುಸ್ತಕ ಮುಟ್ಟುತ್ತಿದ್ದರು.

ಆರು ವರ್ಷದಿಂದ ಆ ಮರ್ಯಾದೆ ಮೇಷ್ಟ್ರ ಪಾಲು. ಹೊಸ ಪುಸ್ತಕದ ಕಟ್ಟು ಬಿಚ್ಚುವ ಹೊತ್ತಿಗೆ ಸರಿಯಾಗಿ ಹಾಜರು. ಇವತ್ತು ಒಯ್ದರೆ ನಾಳೆ ವಾಪಸ್ಸು. ನಾನೂರು ಪುಟದ ಕಾದಂಬರಿಯನ್ನು ಒಂದೇ ದಿನಕ್ಕೆ ಅರೆದು ಕುಡಿಯುತ್ತಾರಲ್ಲ ಎಂದು ಊರಿಗೆ ಊರೇ ಬೆರಗಾಗಿತ್ತು.

ಅಭಿಪ್ರಾಯಗಳೋ, ಒಂದಕ್ಕಿಂತ ಒಂದು ಖಾರ. ಒಂದು ಸಾಂಸಾರಿಕ ಕಾದಂಬರಿಗೆ ಬರೆದಿದ್ದು: 'ನಾಯಕಿ ಮೊದಲ ಪುಟಕ್ಕೇ ಅಳಲು ಕೂತಿದ್ದಾಳೆ. ಓದುಗನೂ ಕೂತು ಅಳಬೇಕು, ಪುಸ್ತಕ ಒಯ್ದ ತಪ್ಪಿಗೆ.' ಜಗಳೂರಿನ ವಕೀಲರೊಬ್ಬರ ಆತ್ಮಕಥೆಗೆ: 'ಇಂಥ ಬಾಳು ಬಾಳಿದ್ದೇ ಸಾಲದೆಂದು ಬರೆಯಲೂ ಬೇಕಿತ್ತೇ?' ಜೇನು ಸಾಕಣೆಯ ಪುಸ್ತಕಕ್ಕೆ: 'ಇದನ್ನು ಓದಿ ಹೇಳಿದರೆ ಜೇನುಹುಳ ಗೂಡು ಬಿಟ್ಟು ಓಡೀತು. ಕಾಗದ ಮಾತ್ರ ಚೆನ್ನಾಗಿದೆ.' ಬರೆದಾದ ಮೇಲೆ ತಾವೇ ಒಂದು ಸಲ ಓದಿಕೊಂಡು ಮೀಸೆಯಡಿಯಲ್ಲಿ ನಗುತ್ತಿದ್ದರು. ಆ ವಕೀಲರು ಅದನ್ನು ನೋಡಿ ಎರಡನೆಯ ಭಾಗ ಬರೆಯುವುದನ್ನೇ ಬಿಟ್ಟರಂತೆ. ಒಂದು ಉಪಕಾರವಾಯಿತು ಎಂದರು ಮೇಷ್ಟ್ರು.

ಇಷ್ಟೆಲ್ಲ ಜರೆಯುವ ಮನುಷ್ಯನ ಎದೆಯಲ್ಲಿ ಒಂದು ಮುಳ್ಳು ಮುರಿದಿತ್ತು. ಎರಡು ವರ್ಷದ ಹಿಂದೆ ಅವರೇ ಒಂದು ಪ್ರಬಂಧ ಸಂಕಲನ ಅಚ್ಚು ಹಾಕಿಸಿದ್ದರು. 'ಹೊನ್ನಾಳಿಯಿಂದ ಹೊರಟ ವಿಚಾರಗಳು' ಅದರ ಹೆಸರು, ಹೊನ್ನಾಳಿ ಹುಟ್ಟೂರು. ಸಾಬರ ಮೂರನೆಯ ಬೀರುವಿನಲ್ಲಿ ಅದರ ಒಂದು ಪ್ರತಿ ನಿಂತೇ ಇತ್ತು. ಅದನ್ನು ಒಬ್ಬ ನರಪಿಳ್ಳೆಯೂ ಒಯ್ದಿರಲಿಲ್ಲ. ಪ್ರತಿ ಶನಿವಾರ ಬೇರೇನೋ ಹುಡುಕುವವರಂತೆ ಬಂದು ಅದರ ಬೆನ್ನು ಮುಟ್ಟಿ ಹೋಗುತ್ತಿದ್ದರು. ಯಾರಾದರೂ ಒಬ್ಬರು ಓದಲಿ, ಕೊನೆಯ ಪುಟದಲ್ಲಿ ಎರಡು ಸಾಲು ಬರೆಯಲಿ, ಇಷ್ಟೇ ಅವರ ಆಸೆ. ಬಾಯಿಬಿಟ್ಟು ಕೇಳಲು ಮಾತ್ರ ಬಿಗುಮಾನ.

ಒಂದು ಶನಿವಾರ ನೋಡಿದರೆ ಪುಸ್ತಕ ಜಾಗದಲ್ಲಿಲ್ಲ! ಬಸವಾಪಟ್ಟಣದ ಪ್ರೈಮರಿ ಸ್ಕೂಲಿನ ಕೆಂಪಕ್ಕ ಟೀಚರ್ ಒಯ್ದರೆಂದು ಸಾಬರು ಹೇಳಿದರು. ವಾರಕ್ಕೊಮ್ಮೆ ಬಸ್ಸಿಗೆ ಬಂದು ಎರಡು ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೋಗುವ, ಮಾತೇ ಆಡದ ಹೆಂಗಸು. ಅಂಥವರಿಗೆ ಏನು ತಿಳಿದೀತು ಎಂದು ಮೇಷ್ಟ್ರು ಮೂಗು ಮುರಿದರು. ಮುರಿದರೂ ಆ ವಾರವಿಡೀ ಅವರಿಗೆ ಅನ್ನ ಸೇರಲಿಲ್ಲ. ತರಗತಿಯಲ್ಲಿ ಒಂದೇ ಪದ್ಯವನ್ನು ಎರಡು ಸಲ ಮಾಡಿದರು.

ಮುಂದಿನ ಶನಿವಾರ ಬಸವಾಪಟ್ಟಣದ ಬಸ್ಸಿಗಿಂತ ಮೊದಲೇ ಬಂದು ಸ್ಟೂಲಿನ ಮೇಲೆ ಕೂತರು. ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಕೆಂಪಕ್ಕ ಬಂದು ಪುಸ್ತಕವನ್ನು ಸಾಬರ ಮುಂದೆ ಇಟ್ಟದ್ದೇ ತಡ, ಮೇಷ್ಟ್ರು ಎತ್ತಿಕೊಂಡು ಕೊನೆಯ ಪುಟ ತೆರೆದರು. ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಈ ವಿಚಾರಗಳು ಹೊನ್ನಾಳಿಯಿಂದ ಹೊರಡದೆ ಅಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಕಾಗದ ಮಾತ್ರ ಚೆನ್ನಾಗಿದೆ.'

ಮೇಷ್ಟ್ರ ಮುಖ ಕಪ್ಪಿಟ್ಟಿತು. ಒಳಗೆ ಏನು ಓದಿ ಹೀಗೆ ಬರೆದಳು ಎಂದು ಪುಟ ತಿರುಗಿಸಹೋದರೆ ಹಾಳೆಗಳು ಬಿಡಲೇ ಇಲ್ಲ. ಮೊದಲ ಹದಿನಾರು ಪುಟ ಮತ್ತು ಕೊನೆಯ ಒಂದು ಮಡಿಕೆ ಬಿಟ್ಟರೆ ನಡುವೆ ಚಾಕುವೇ ಆಡಿರಲಿಲ್ಲ. ಹೋದ ಜೀವ ಬಂದಂತಾಯಿತು ಅವರಿಗೆ. ಪುಸ್ತಕವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಓದದೆ ಅಭಿಪ್ರಾಯ ಬರೆಯುವುದು ಕಳ್ಳತನವೇ ಸರಿ, ಇಂಥವರ ಹೆಸರನ್ನು ರಿಜಿಸ್ಟರಿನಿಂದ ಹೊಡೆದು ಹಾಕಬೇಕು ಎಂದು ಅಂಗಡಿ ಹಾರಿಹೋಗುವಂತೆ ಕೂಗಾಡಿದರು. ಸಾಬರು ಗೋಂದಿನ ಬ್ರಷ್ ಕೆಳಗಿಟ್ಟು ನೆಲ ನೋಡುತ್ತಾ ಕೂತರು.

"ಓದಿಲ್ಲ ಸಾರ್, ಖರೇ ಐತಿ," ಎಂದಳು ಕೆಂಪಕ್ಕ. "ಆರು ವರ್ಷದಿಂದ ನೀವು ತಂದಿಟ್ಟ ಪುಸ್ತಕಾನೇ ನಿಮ್ಮ ಹಿಂದೆ ನಾನು ಒಯ್ಯೋದು. ಎಲ್ಲಾದ್ರದ್ದೂ ಮುಂದಿನ ಒಂದು ಮಡಿಕೆ, ಹಿಂದಿನ ಒಂದು ಮಡಿಕೆ ಬಿಡಿಸಿರ್ತಿದ್ರಿ. ನಡುವಿಂದೆಲ್ಲಾ ನಾನೇ ಬಿಡಿಸಿ ಓದೀನಿ. ನಿಮ್ಮದನ್ನ ನಿಮ್ಮ ಹಂಗೇ ಓದಾನ ಅನ್ನಿಸ್ತು."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಮೇಷ್ಟ್ರು ಸಾಬರ ಕಡೆ ನೋಡಿದರು, ಸಾಬರು ತಲೆ ಎತ್ತಲಿಲ್ಲ. ಗೊತ್ತಿತ್ತು ಈ ಮುದುಕನಿಗೂ! ಸೋಲೊಪ್ಪುವ ಜಾತಿಯಲ್ಲ ಮೇಷ್ಟ್ರು. ಹಳಸಿದ್ದನ್ನು ಮೂಸಿದರೆ ಸಾಕು, ಪೂರಾ ಉಣ್ಣಬೇಕಿಲ್ಲ ಎಂದರು. ತಮ್ಮದು ಅಂಥ ಪುಸ್ತಕವಲ್ಲ, ಧೈರ್ಯವಿದ್ದರೆ ಇಲ್ಲೇ ಬಿಡಿಸಿ ಓದಿ ಎಂದು ಸಾಬರ ಚಾಕುವನ್ನು ಅವಳ ಮುಂದೆ ತಳ್ಳಿದರು.

ಕೆಂಪಕ್ಕ ಕೂತಳು. ಅವಸರವಿಲ್ಲದೆ ಒಂದೊಂದೇ ಮಡಿಕೆ ಬಿಡಿಸಿದಳು. ಪುಟ ತಿರುವುತ್ತಾ ಹೋದವಳು ಒಂದು ಕಡೆ ನಿಂತು, ಹಿಂದಕ್ಕೆ ತಿರುವಿ, ಮತ್ತೆ ಮುಂದಕ್ಕೆ ಬಂದು, ಪುಸ್ತಕವನ್ನು ಸಾಬರ ಕೈಗೆ ಕೊಟ್ಟಳು. ಸಾಬರು ಕನ್ನಡಕ ಏರಿಸಿ ನೋಡಿದರು. ಮೂವತ್ತೆರಡನೆಯ ಪುಟದ ಮುಂದೆ ಮತ್ತೆ ಹದಿನೇಳು ಬಂದಿತ್ತು. ಅದೇ ಹದಿನಾರು ಪುಟ ಎರಡು ಸಲ ಹೊಲಿದಿದ್ದರು. ಮೂವತ್ತಮೂರರಿಂದ ನಲವತ್ತೆಂಟು ಇರಲೇ ಇಲ್ಲ.

"ಮನೇಲಿರೋ ಪ್ರತಿಯೊಳಗೂ ಹಿಂಗೇ ಐತೇನ್ರಿ ಮೇಷ್ಟ್ರೇ?" ಎಂದು ಸಾಬರು ಕೇಳಿದರು. ಬೈಂಡರ್ ಕೇಳುವ ಪ್ರಶ್ನೆ, ಅದರಲ್ಲಿ ಕುಹಕವೇನೂ ಇರಲಿಲ್ಲ.

ಮನೆಯ ಟ್ರಂಕಿನಲ್ಲಿ ಇನ್ನೂರು ಪ್ರತಿ ಇದ್ದವು. ಅವುಗಳಲ್ಲಿ ಒಂದರ ಹಾಳೆಯನ್ನೂ ಮೇಷ್ಟ್ರು ಬಿಡಿಸಿರಲಿಲ್ಲ.