ಬರಿಯ ಕರಡಿಗೆ

“ತಲೆ ಎತ್ತಿ ಹಿಡಿ ಮಾರಾಯ, ಎದೆ ಮೇಲೆ ಬೀಳ್ತಾ ಇದೆ,” ಎಂದು ಪರಮೇಶ್ವರಪ್ಪ ಆಳಿಗೆ ಹೇಳಿದ. ಸತ್ತವನು ಅವನ ದಾಯಾದಿ ಸೋಮಶೇಖರಪ್ಪ. ಹೆಣವನ್ನು ಗೋಡೆಗೆ ಒರಗಿಸಿ, ಪದ್ಮಾಸನ ಹಾಕಿಸಿ ಕೂರಿಸುತ್ತಿದ್ದರು. ಗಲ್ಲದಡಿಯಿಂದ ತಂದ ಬಿಳಿ ಬಟ್ಟೆಯನ್ನು ಗೋಡೆಯ ಗೂಟಕ್ಕೆ ಬಿಗಿದ ಮೇಲೆ ತಲೆ ನಿಂತಿತು. ಅಕ್ಕ ಗಿರಿಜಾಂಬಾ ತಮ್ಮನ ಹಣೆಗೆ ವಿಭೂತಿ ಎಳೆದಳು. ಯುದ್ಧದಲ್ಲಿ ಸತ್ತ ಎಷ್ಟೋ ಸಿಪಾಯಿಗಳ ಎದುರಿಗೆ ಕೂತು ಮುಖ ಬರೆದವನು ಈಗ ತಾನೇ ಅಲುಗದೆ ಕೂತಿದ್ದ. ಅವನ ಮುಖ ಬರೆಯುವವರು ಆ ಬೆಟ್ಟದೂರು ಅತ್ತಿಗುಂಡಿಯಲ್ಲಿ ಯಾರೂ ಇರಲಿಲ್ಲ.

ಅಂಗಳದಲ್ಲಿ ಎಸ್ಟೇಟಿನ ಕೆಲಸದ, ಬೊಚ್ಚುಬಾಯಿಯ ಜವರಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. “ನಿನ್ನ ಮುಖ ಬರೀತೀನಿ ಕೂತ್ಕೋ ಅಂದಿದ್ರು. ಹಲ್ಲು ಬರ್ಲಿ ಅಯ್ಯಾ, ಆಮೇಲೆ ಬರೀರಿ ಅಂದೆ. ಇನ್ನೆಲ್ಲಿ ಬರ್ತವೆ ನಂಗೆ ಹಲ್ಲು.”

“ಸತ್ತವರನ್ನ ಬರೆದ ಕೈಗೆ ಮುಖ ಕೊಡೋಕೆ ನಿಂಗೆ ಭಯ ಅನ್ನು,” ಎಂದ ಪರಮೇಶ್ವರಪ್ಪ.

“ಅದೂ ಹೌದು,” ಎಂದಳು ಜವರಮ್ಮ.

ಕ್ರಿಯೆ ಮಾಡಿಸಲು ಬಂದಿದ್ದ ಗುರುವಯ್ಯನವರು ಬಿಲ್ವಪತ್ರೆ ಆರಿಸಿಟ್ಟು ಹೇಳಿದರು: “ಲಿಂಗ ತೆಗೀಯಮ್ಮ. ಎಡಗೈಗೆ ಇಡಬೇಕು.”

ಗಿರಿಜಾಂಬಾಳ ಕೈ ತಡೆಯಿತು. ತಮ್ಮನ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಅವಳು ನಿಧಾನವಾಗಿ ಬಿಚ್ಚಿದಳು. ಒಳಗೆ ಲಿಂಗವಿರಲಿಲ್ಲ. ಅವಳಿಗೆ ಅದು ಮೊದಲೇ ಗೊತ್ತಿತ್ತು.

“ನಾ ಹೇಳ್ತಿರಲಿಲ್ವ? ಬಿಳಿಯರ ಜತೆ ಉಂಡು ಬಂದವನು. ಮಲಗಿಸಿ ಮಣ್ಣು ಮುಚ್ಚಿ. ಪರದೇಶಿ ಹೆಣ ಅಂದ್ಕೊಂಡ್ರಾಯ್ತು,” ಎಂದ ಪರಮೇಶ್ವರಪ್ಪ.

ಗುರುವಯ್ಯನವರ ಮುಖ ಬಾಡಿತು. “ಲಿಂಗವಿಲ್ಲದೆ ಸಮಾಧಿ ಗೂಡಲ್ಲಿ ಕೂರಿಸೋದು ಹೇಗಮ್ಮ? ಹೊಸದು ಕೊಡಬೇಕಾದ ಮಠದ ಹಿರಿಯರು ಕಳಸದ ಕಡೆ ಹೋಗಿದ್ದಾರೆ, ನಾಳೆ ಬರೋದು. ಜೀವ ಹೋಗಿದ್ದು ನಿನ್ನೆ. ಇನ್ನು ಇಡೋಕಾಗಲ್ಲ.”

•

ಸೋಮಶೇಖರಪ್ಪ ಯುದ್ಧಕ್ಕೆ ಹೋಗುವ ಮೊದಲು ಎಸ್ಟೇಟಿನಲ್ಲಿ ಕಾಫಿಮೂಟೆಗಳ ಮೇಲೆ ಗುರುತು ಬರೆಯುತ್ತಿದ್ದ. ಬರ್ಮಾದ ಕಡೆ ರಸ್ತೆ ಮಾಡುವ ಕೂಲಿ ಪಡೆಗೆ ಸೇರಿದ. ಅಲ್ಲೊಬ್ಬ ಸಾಹೇಬ ಇವನು ಬರೆಯುವ ಕೈ ನೋಡಿ ಗುದ್ದಲಿ ಬಿಡಿಸಿ ಪೆನ್ಸಿಲ್ ಕೊಟ್ಟ. ಮೊದಲು ಸೇತುವೆ, ಹೊಳೆ, ಗುಡ್ಡಗಳನ್ನು ಬರೆಸಿದರು. ಆಮೇಲೆ ಹೆಸರು ತಿಳಿಯದೆ ಸತ್ತವರ ಮುಖ ಬರೆಸಿದರು. ಯಾರಾದರೂ ಗುರುತು ಹಿಡಿದರೆ ಮನೆಗೆ ಸುದ್ದಿ ಹೋಗುತ್ತಿತ್ತು.

ಚಳಿಜ್ವರ ಹತ್ತಿಸಿಕೊಂಡು ತಿರುಗಿ ಬಂದ ಸಂಜೆ ಇಷ್ಟನ್ನು ಅವನು ಅಕ್ಕನಿಗೆ ಹೇಳಿದ್ದ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಗಿರಿಜಾಂಬಾಳಿಗೆ ತಮ್ಮ ಮತ್ತು ಶಿವ ಇಬ್ಬರೇ ದಿಕ್ಕು. ಅವಳು ಬಿಸಿನೀರು ಕಾಯಿಸಿ, ಪೂಜೆಗೆ ಅಣಿ ಮಾಡಿ ಕರೆದಳು. ಅವನು ಕರಡಿಗೆ ಬಿಚ್ಚಿ ತೋರಿಸಿದ.

“ಎಲ್ಲೋ ಸೋಮ?”

“ಕೊಟ್ಟೆ ಅಕ್ಕ.”

“ಯಾರಿಗೆ?”

ಅವನು ಅವಳ ಮುಖವನ್ನೇ ಬಹಳ ಹೊತ್ತು ನೋಡಿದ. “ಯಾರು ಅಂತ ನಂಗೂ ಗೊತ್ತಿಲ್ಲ,” ಎಂದ.

ಪ್ರಾಣ ಹೋದರೂ ಬಿಡಬಾರದ್ದನ್ನು ಕೊಟ್ಟೆ ಅನ್ನುತ್ತಾನೆ. ಹೊಸದು ಕಟ್ಟಿಸಿಕೋ ಎಂದರೆ, “ಬೇಡ ಅಕ್ಕ, ನಂದು ಇದೆ, ಹತ್ತಿರ ಇಲ್ಲ ಅಷ್ಟೆ,” ಎಂದ. ಅಂದಿನಿಂದ ಅವಳು ಅವನ ಊಟವನ್ನು ಜಗಲಿಗೆ ಹಾಕಿದಳು. ಹಟ ಕರಗಿ ಒಂದು ದಿನ ಒಳಗೆ ಬಂದಾನು ಎಂದು ಕಾದಳು. ಅವನು ಉಂಡು, ತಟ್ಟೆ ತೊಳೆದಿಟ್ಟು, ಗಾಳಿಯಲ್ಲಿ ಒಬ್ಬನೇ ಕೂತಿರುತ್ತಿದ್ದ. ಒಳಗೆ ಅವಳು ಒಬ್ಬಳೇ ಪೂಜೆ ಮಾಡುತ್ತಿದ್ದಳು. ನಡುವೆ ಇದ್ದದ್ದು ಒಂದು ಬಾಗಿಲು, ಅದೂ ತೆರೆದೇ ಇರುತ್ತಿತ್ತು.

•

“ಅಮ್ಮಾ, ಅದು ಎಲ್ಲಿ ಹೋಯ್ತು ಅಂತ ನಂಗೆ ಗೊತ್ತು.”

ಅಂಗಳದ ಅಂಚಿನಲ್ಲಿ ಹಳೆಯ ಖಾಕಿ ಕೋಟು ತೊಟ್ಟವನೊಬ್ಬ ನಿಂತಿದ್ದ. ಚಿಕ್ಕಮಗಳೂರಿನ ಇದ್ರೀಸ್. ಯುದ್ಧದಲ್ಲಿ ಅದೇ ಪಡೆಯ ಲಾರಿ ಓಡಿಸುತ್ತಿದ್ದವನು. ಸುದ್ದಿ ಕೇಳಿ ಬೆಟ್ಟ ಹತ್ತಿ ಬಂದಿದ್ದ.

“ಒಂದು ದಿನ ಹಳ್ಳದ ದಂಡೇಲಿ ಒಬ್ಬ ಸಿಪಾಯಿ ಬಿದ್ದಿದ್ದ. ಸೋಮಣ್ಣ ಬರೆಯೋಕೆ ಅಂತ ಎದುರು ಕೂತ್ರು. ಬರೆಯೋಕೆ ಮುಖಾನೇ ಇರಲಿಲ್ಲಮ್ಮ. ಏಳಿ ಸೋಮಣ್ಣ, ಗುಂಡು ಬೀಳ್ತದೆ ಅಂದೆ. ಏಳಲಿಲ್ಲ. ಕಡೆಗೆ ಪೆನ್ಸಿಲ್ ಜೇಬಿಗಿಟ್ಟು, ಲಿಂಗ ತೆಗೆದು ಅವನ ಅಂಗೈಲಿಟ್ಟು ಬೆರಳು ಮಡಚಿದ್ರು. ‘ಇವನ ಮನೆಗೆ ಕಳಿಸೋಕೆ ಏನೂ ಇಲ್ಲ ಇದ್ರೀಸ್. ಇವನ ಜತೆಗಾದ್ರೂ ಯಾರಾದ್ರೂ ಇರ್ಲಿ’ ಅಂದ್ರು. ಇಬ್ರೂ ಸೇರಿ ಮಣ್ಣು ಹಾಕಿದ್ವಿ.”

“ಅವನೇನು ನಮ್ಮವನೋ?” ಎಂದು ಪರಮೇಶ್ವರಪ್ಪ ಕೇಳಿದ.

“ಹೇಗೆ ಹೇಳ್ಲಿ ಯಜಮಾನ್ರೆ. ನಮ್ಮವನೂ ಇರಬಹುದು.”

ಗಿರಿಜಾಂಬಾ ಕಂಬ ಹಿಡಿದುಕೊಂಡಳು. “ನಂಗ್ಯಾಕೆ ಹೇಳಲಿಲ್ಲ ಅವನು?”

ಇದ್ರೀಸ್ ತಲೆ ತಗ್ಗಿಸಿದ. “ಯಾವನೋ ಸತ್ತವನ ಕೈಗೆ ಹೋಯ್ತು ಅಂತ ತಿಳಿದ್ರೆ ಅಕ್ಕನಿಗೆ ಅನ್ನ ಸೇರಲ್ಲ ಅಂತಿದ್ರು.”

ಗಿರಿಜಾಂಬಾ ಗೋಡೆಯ ಕಡೆ ತಿರುಗಿ, ಸೆರಗಿನಡಿಯಿಂದ ತನ್ನ ಲಿಂಗವನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಗುರುವಯ್ಯನವರ ಮುಂದೆ ಹಿಡಿದಳು.

“ಇದನ್ನ ಇಡಿ.”

“ತಾಯಿ, ಇದಿಲ್ಲದೆ ನೀನು ನೀರೂ ಮುಟ್ಟೋ ಹಾಗಿಲ್ಲ.”

“ಮುಟ್ಟಲ್ಲ. ನಾಳೆ ಹಿರಿಯರು ಬರ್ತಾರಲ್ಲ. ನಡೆದದ್ದೆಲ್ಲ ಹೇಳ್ತೀನಿ. ಕೊಟ್ಟರೆ ಉಂಟು.”

“ಕೊಡದಿದ್ರೆ?”

“ಅವನು ಇಷ್ಟು ದಿನ ಇರಲಿಲ್ವ ಅಯ್ಯನವರೇ, ಒಬ್ಬನೇ.”

ಗುರುವಯ್ಯನವರು ಎರಡೂ ಕೈ ಚಾಚಿದರು.

ಬೆಳ್ಳಗೆ ಹೂ ಬಿಟ್ಟ ಕಾಫಿ ಗಿಡಗಳ ನಡುವೆ ಹೆಣ ಕೂರಿಸಿ ಹೊತ್ತ ವಿಮಾನ ಸಾಗಿತು. ಇದ್ರೀಸ್ ಹೆಗಲು ಕೊಡಲು ಬಂದಾಗ ಪರಮೇಶ್ವರಪ್ಪ ಏನೋ ಹೇಳಹೋಗಿ, ಬಿಟ್ಟು, ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಗುಣಿಯ ಗೂಡಿನಲ್ಲಿ ಸೋಮಶೇಖರಪ್ಪನನ್ನು ಕೂರಿಸಿ, ಎಡ ಅಂಗೈಯಲ್ಲಿ ಅಕ್ಕನ ಲಿಂಗವಿಟ್ಟು, ಪತ್ರೆ ತುಂಬಿ ಮಣ್ಣೆಳೆದರು.

ಸಂಜೆಗೆ ಎಲ್ಲರೂ ಹೊರಟುಹೋದರು. ಜವರಮ್ಮ ಮಾತ್ರ ಚೊಂಬು ಹಿಡಿದು ಬಾಗಿಲಲ್ಲಿ ನಿಂತಳು. “ಬೆಳಗಿಂದ ನಿಮ್ಮ ಗಂಟಲು ಒಣಗಿದೆ ಅಮ್ಮಾವ್ರೆ. ಒಂದು ಗುಟುಕಾದ್ರೂ ಕುಡೀರಿ. ಶಿವ ಏನೂ ಅನ್ನಲ್ಲ.”

ಗಿರಿಜಾಂಬಾ ಬೇಡವೆಂದು ತಲೆಯಾಡಿಸಿದಳು. ಮಿಂದು, ದೀಪ ಹಚ್ಚಿ, ಎಂದಿನ ಮಣೆಯ ಮೇಲೆ ಕೂತಳು. ಎಂದಿನಂತೆ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ದಿಟ್ಟಿಸಿದಳು. ಅದರಲ್ಲಿ ಮುದಿಗೈಯ ಗೆರೆಗಳ ಹೊರತು ಏನೂ ಇರಲಿಲ್ಲ. ತಟ್ಟೆಯಿಂದ ಒಂದು ಬಿಲ್ವದಳ ತೆಗೆದು, ಅಲುಗದಂತೆ, ಆ ಬರಿಗೈಯ ನಡುವೆ ಇಟ್ಟಳು.